ಚಿಕ್ಕಮ್ಮನ ಟೋಪಿ ಬೀಸಿ ಕರೆದದ್ದು

ನನ್ನ ಎದೆಯ ಸದ್ದು ಪಕ್ಕದವರಿಗೂ ಕೇಳಿಸುತ್ತಿರಬಹುದೇ? ಬೆಟ್ಟದ ಮೇಲಿನ ನಮ್ಮೂರು ಲಾ ಪಾಸಿನ ಕೇಬಲ್ ಕಾರಿನಲ್ಲಿ ಅಪರಿಚಿತರ ಭುಜಕ್ಕೆ ಭುಜ ತಾಗಿಸಿ ಕೂತಾಗಲೆಲ್ಲ ನನಗೆ ಇದೇ ಯೋಚನೆ. ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಿದ್ದ ಪುಟ್ಟ ರಕ್ತನಾಳವೊಂದು ನನ್ನ ಹೃದಯದ ಪಕ್ಕದಲ್ಲಿ ತೆರೆದೇ ಉಳಿದಿದೆ. ಮೈಗೆಲ್ಲ ಹರಿಯಬೇಕಾದ ಒಳ್ಳೆಯ ರಕ್ತ ಅಲ್ಲಿ ನುಸುಳಿ ಮತ್ತೆ ಶ್ವಾಸಕೋಶಕ್ಕೇ ಮರಳುತ್ತದೆ. ಗಾಳಿ ತೆಳುವಾದ ನಮ್ಮೂರಲ್ಲಿ ಇದು ಅಪರೂಪವಲ್ಲ. ಅದನ್ನು ಮುಚ್ಚುವ ಬಿರಡೆಯನ್ನು ತಂತಿಯಲ್ಲಿ ಹೆಣೆಯುವುದೇ ನನ್ನ ಚಿಕ್ಕಮ್ಮ ಎಲಿಯೊಡೋರಾಳ ಕೆಲಸ.

"ಊರ ಮಕ್ಕಳಿಗೆಲ್ಲ ಹೆಣೀತೀನಿ. ಮನೆ ಹುಡುಗಿ ಮಾತ್ರ ಬುಸುಗುಡ್ತಾ ಇರ್ಬೇಕಾ?" ಎಂದು ಜಗಳವಾಡಿ ಅವಳು ಇಂದು ಅಜ್ಜಿಯನ್ನೂ ನನ್ನನ್ನೂ ಆಸ್ಪತ್ರೆಗೆ ಎಳೆತಂದಿದ್ದಳು.

"ಎದೆ ಕೊಯ್ಯಲ್ಲ ಅಜ್ಜಿ. ತೊಡೆಯ ರಕ್ತನಾಳದಿಂದ ಬಿರಡೆ ಕಳಿಸ್ತೀವಿ," ಎಂದಳು ಡಾಕ್ಟರು.

"ಎಲ್ಲಿಂದಾದ್ರೂ ಕಳಿಸು ತಾಯಿ. ಹೃದಯದ ಹತ್ರ ಹೋದ್ರೆ ಆತ್ಮ ಬೆಚ್ಚಿ ಹಾರಿಹೋಗುತ್ತೆ. ಆಮೇಲೆ ಬರೀ ಮೈ ಇಟ್ಕೊಂಡು ಏನ್ಮಾಡೋದು?"

ಡಾಕ್ಟರೂ ನಮ್ಮ ಐಮಾರಾ ಜನಾಂಗದ ಹುಡುಗಿಯೇ. ನಗಲಿಲ್ಲ. "ಹಾಗಾದ್ರೆ ಮೊದಲೇ ಕರೆದಿಟ್ಟುಬಿಡಿ," ಎಂದಳು.

ಯಾರ ಆತ್ಮವೋ ಅವರದೇ ಟೋಪಿ ಬೀಸಿ ಕರೆಯುವುದು ನಮ್ಮಲ್ಲಿ ವಾಡಿಕೆ. ಅಜ್ಜಿ ಕುರ್ಚಿಯ ಮೇಲಿದ್ದ ಟೋಪಿ ಎತ್ತಿಕೊಂಡು ಬಾಗಿಲಲ್ಲಿ ನಿಂತು ನನ್ನ ಹೆಸರು ಕೂಗುತ್ತ ಬೀಸತೊಡಗಿದಳು. "ಪಾಂತೀ, ಬಾರೇ! ಎಲ್ಲೂ ಹೋಗ್ಬೇಡ, ನಿನ್ನ ಮನೆಗೆ ಬಾರೇ!"

ಹೊರಗೆ ಸರದಿಯಲ್ಲಿ ಕೂತಿದ್ದವರು ಸುಮ್ಮನಿದ್ದಾರೆಯೇ? "ಬಾರೇ ಪಾಂತಿ!" ಎಂದು ಎಲ್ಲರೂ ದನಿಗೂಡಿಸಿದರು. ಡಿಗ್ರಿ ಮುಗಿಸಿದರೂ ಅಂಗಡಿಯಲ್ಲಿ ಬ್ರೆಡ್ ಕೇಳಲು ನಾಚುವ ನಾನು ಗೋಡೆಯೊಳಗೆ ಸೇರಿಹೋದರೆ ಸಾಕೆನ್ನುವಂತಾದೆ.

"ಅಮ್ಮಾ, ಅದು ನನ್ನ ಟೋಪಿ!" ಚಿಕ್ಕಮ್ಮ ಕೂಗಿದಳು.

ಅಜ್ಜಿಯ ಕೈ ಗಾಳಿಯಲ್ಲೇ ನಿಂತಿತು. "ಅಯ್ಯೋ! ಇವಳೊಳಗೆ ನಿನ್ನ ಆತ್ಮ ಬಂದು ಕೂತ್ರೆ?"

"ಕೂರ್ಲಿ ಬಿಡು, ಆಗಲಾದ್ರೂ ಬಾಯಿ ಬಿಡ್ತಾಳೆ."

ಹೊರಗೆಲ್ಲ ನಗುವೋ ನಗು. ಅಜ್ಜಿಯ ಮುಖ ಮಾತ್ರ ಬಿಗಿಯಿತು. "ಶಕುನ ಸರಿಯಿಲ್ಲ. ಬೇಡವೇ ಬೇಡ, ಏಳ್ರಿ ಮನೆಗೆ."

ಡಾಕ್ಟರು ನನ್ನತ್ತ ತಿರುಗಿದಳು. "ಎಲ್ರೂ ಮಾತಾಡಿದ್ರು. ನಿಂಗೇನು ಬೇಕು, ಹೇಳು."

ಅಭ್ಯಾಸಬಲದಿಂದ ಚಿಕ್ಕಮ್ಮನ ಮುಖ ನೋಡಿದೆ. ನನ್ನ ಉತ್ತರಗಳನ್ನೆಲ್ಲ ಕೊಡುತ್ತ ಬಂದವಳು ಅವಳೇ. ಅವಳು ಬಾಯಿ ತೆರೆದಳು; ಮತ್ತೆ ಮುಚ್ಚಿಕೊಂಡಳು. ಅಜ್ಜಿ ಆಗಲೇ ಹೊರಡಲು ಶಾಲು ಹೊದೆಯುತ್ತಿದ್ದಳು. ಅವಳ ಶಾಲಿನ ತುದಿ ಹಿಡಿದುಕೊಂಡೆ.

"ನಂಗೆ ಭಯ ಆಗುತ್ತೆ ಅಜ್ಜಿ. ಆದ್ರೂ ಮುಚ್ಚಿಸ್ಕೋಬೇಕು."