ಭುಜಕ್ಕೆ ಕೊಟ್ಟ ಶಾಖ

ಗುದ್ದಲಿಯ ಮರದ ಕಾವು ಬಲಭುಜಕ್ಕೆ ಬಿದ್ದಾಗ ಕರಿಬಸವಯ್ಯನಿಗೆ ಮೊದಲು ಗೊತ್ತಾದದ್ದು ಸದ್ದು, ನೋವು ಆಮೇಲೆ. ಒಣಗಿದ ಕಬ್ಬು ಮುರಿದ ಹಾಗೆ ಒಳಗೇನೋ ಲಟಕ್ಕೆಂದಿತು. ಹೊಡೆದವನು ಒಡಹುಟ್ಟಿದ ತಮ್ಮ ಗುರುಮಲ್ಲಯ್ಯ. ಭೀಮನಬೀಡಿನಲ್ಲಿದ್ದ ಇಬ್ಬರ ಹೊಲಕ್ಕೂ ಒಂದೇ ಬೋರು. ಕರೆಂಟು ಬಂದಾಗ ಪೈಪಿನ ವಾಲ್ವ್ ತಿರುಗಿಸಿ ನೀರನ್ನು ಯಾರ ಅರಿಶಿನಕ್ಕೆ ಮೊದಲು ಬಿಡಬೇಕೆಂಬ ಜಗಳ ಆ ಬೆಳಗ್ಗೆ ಬಾಯಿಂದ ಕೈಗೆ ಇಳಿದಿತ್ತು. ಕೆಸರಿನಲ್ಲಿ ಬಿದ್ದವನ ಎದೆಯ ಮೇಲೆ ತಮ್ಮ ಕಾಲಿಟ್ಟ.

"ಇನ್ನೊಂದ್ ಕಿತ ವಾಲ್ ಮುಟ್ಟುದ್ರೆ ತಲೆನೇ ಒಡೆದ್ಬುಡ್ತೀನಿ ಕಣ್ಲಾ."

ಅಣ್ಣನನ್ನು ಅವನು ಹಾಗೆ 'ಲಾ' ಎಂದದ್ದು ಅದೇ ಮೊದಲು. ಮೂಳೆ ಮುರಿದದ್ದಕ್ಕಿಂತ ಕರಿಬಸವಯ್ಯನನ್ನು ಅದು ಹೆಚ್ಚು ಸುಟ್ಟಿತು.

ಆಸ್ಪತ್ರೆಯಲ್ಲಿ ಹಾಕಿದ್ದ ಪಟ್ಟಿ ಬಿಚ್ಚಿದ ಮೇಲೂ ತೋಳು ಎದೆಯ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಡಾಕ್ಟರು ಚಾಮರಾಜನಗರದ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಕಳಿಸಿದರು. ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿ, ಪ್ರತಿ ಕುಲುಕಾಟಕ್ಕೂ ಹಲ್ಲು ಕಚ್ಚಿಕೊಂಡು ಅವನು ಅಲ್ಲಿಗೆ ಹೋಗಿ ಬರತೊಡಗಿದ. ಅಲ್ಲಿ ಸಿಂಧು ಎಂಬ ಹುಡುಗಿ ಭುಜಕ್ಕೆ ಕೆಂಪು ದೀಪದ ಶಾಖ ಕೊಟ್ಟು, ಆಮೇಲೆ ತೋಳನ್ನು ಮೆಲ್ಲಗೆ ಮೇಲೆತ್ತಿಸುತ್ತಿದ್ದಳು.

"ಅಂಗಿ ಹಾಕ್ಕೊಳ್ಳೋಷ್ಟು ಬಂದ್ರೆ ಸಾಕಾ ಯಜಮಾನ್ರೇ?"

"ಸಾಲ್ದು ಕಣವ್ವ. ತಲೆ ಮ್ಯಾಕೆ ಎತ್ಬೇಕು. ಹುಣಸೆಕಾಯಿ ಬಡೀಬೇಕು."

ಅವನ ಮನಸ್ಸಿನಲ್ಲಿ ಹುಣಸೆಮರವೇ ಇರಲಿಲ್ಲ. ಕಣ್ಣು ಮುಚ್ಚಿ ದೀಪದ ಕೆಳಗೆ ಮಲಗಿದರೆ ಕಾಣುತ್ತಿದ್ದದ್ದು ತಮ್ಮನ ಬಾಗಿದ ಕತ್ತು. ಬಿಗಿದ ಕೀಲು ಸಡಿಲವಾದಷ್ಟೂ ಆ ಕತ್ತು ಹತ್ತಿರ ಬರುತ್ತಿತ್ತು. ಮನೆಯಲ್ಲಿ ಎಡಗೈಯಿಂದಲೇ ಮಚ್ಚು ಮಸೆದು ಮಂಚದ ಕೆಳಗೆ ಇಟ್ಟಿದ್ದ.

ಬೇಗ ವಾಸಿಯಾಗಲೆಂದು ಗುಂಡ್ಲುಪೇಟೆಯ ಮೆಡಿಕಲ್ ಸ್ಟೋರಿನಿಂದ ಕರೆಂಟಿನ ಶಾಖದ ಪಟ್ಟಿಯೊಂದನ್ನೂ ತಂದ. ಅದನ್ನು ಪೂರ್ತಿ ಬಿಸಿಗಿಟ್ಟು ಅದರ ಮೇಲೆಯೇ ನಿದ್ದೆ ಹೋದ. ಎದ್ದಾಗ ಭುಜದ ಚರ್ಮ ಬೊಬ್ಬೆ ಎದ್ದು ಅಂಗಿಗೆ ಅಂಟಿತ್ತು. ಅದನ್ನು ನೋಡಿ ಸಿಂಧುವಿಗೆ ಸಿಟ್ಟೇ ಬಂತು.

"ಪೆಟ್ಟು ಬಿದ್ದ ಜಾಗ ಜೋಮು ಹಿಡಿದಿದೆ, ಬಿಸಿ ಎಷ್ಟು ಅಂತ ನಿಮಗೆ ಗೊತ್ತಾಗಲ್ಲ. ಮಲಗಿದಲ್ಲೇ ಬೆಂದುಹೋಗ್ತೀರ. ಇಷ್ಟು ಆತುರ ಯಾಕೆ?"

ಅವನು ಅಂಗಿಯ ಗುಂಡಿ ಹಾಕಿಕೊಂಡು ಎದ್ದ.

ಯಾಕೆಂದು ಹೆಂಡತಿ ಮಲ್ಲಮ್ಮನಿಗೆ ಗೊತ್ತಿತ್ತು. ಗಾಯಕ್ಕೆ ಮುಲಾಮು ಹಚ್ಚುತ್ತಾ ಅವಳು ಮೆಲ್ಲಗೆ ಕೇಳಿದಳು. "ತಮ್ಮನ್ನ ಕಡಿದ್ರೆ ಇದು ವಾಸಿ ಆಯ್ತದಾ?"

ಅವನು ಕಾಲಿನಿಂದ ನೀರಿನ ಚೊಂಬನ್ನು ಗೋಡೆಗೆ ಒದ್ದ.

ತೋಳು ಕಿವಿಯವರೆಗೆ ಬಂದ ವಾರವೇ ಅವನು ಮಚ್ಚು ಹಿಡಿದು ಹೊಲಕ್ಕೆ ಹೋದ. ಗುರುಮಲ್ಲಯ್ಯ ಬಗ್ಗಿಕೊಂಡು ಕಾಲುವೆ ಕೆರೆಯುತ್ತಿದ್ದ. ಅವನ ಹೆಂಡತಿ ಯಶೋದಮ್ಮ ಸ್ವಲ್ಪ ಆಚೆ ಕಳೆ ಕೀಳುತ್ತಿದ್ದಳು. ಹಿಂದಿನಿಂದಲೇ ಹೊಡೆಯಬಹುದಿತ್ತು. ಆದರೆ ಈಗ ಮುಖ ನೋಡಿಕೊಂಡೇ ಹೊಡೆಯಬೇಕೆನಿಸಿತು.

"ಗುರುಮಲ್ಲಾ."

ತಮ್ಮ ತಿರುಗಿ ನೋಡಿ ಬಲಗೈ ಅಡ್ಡ ಹಿಡಿದ. ಮಚ್ಚು ಅಂಗೈ ಸೀಳಿಕೊಂಡು ಹೋಯಿತು. ಎರಡು ಬೆರಳು ಅರಿಶಿನದ ಎಲೆಗಳ ನಡುವೆ ಬಿದ್ದವು. ಎರಡನೆಯ ಏಟು ಮುಂಗೈ ಮೂಳೆಗೆ ತಾಗಿ ಕಟಕ್ಕೆಂದಿತು. ಗುರುಮಲ್ಲಯ್ಯ ಕಾಲುವೆಯೊಳಗೆ ಅಂಗಾತ ಬಿದ್ದ, ನೀರು ಕೆಂಪಾಯಿತು.

"ಬ್ಯಾಡ ಕಣಣ್ಣ... ಅಣ್ಣ, ಬ್ಯಾಡ."

ಕರಿಬಸವಯ್ಯ ಮೂರನೆಯ ಸಲ ತೋಳೆತ್ತಿದ. ಅದು ಕಿವಿ ದಾಟಿ ನೆಟ್ಟಗೆ ಮೇಲೆ ಹೋಯಿತು. ಎಲ್ಲೂ ನೋಯಲಿಲ್ಲ. ನೋವಿಲ್ಲವೆಂಬುದೇ ಅವನಿಗೆ ಎಷ್ಟು ವಿಚಿತ್ರವಾಗಿ ಕಂಡಿತೆಂದರೆ ಒಂದು ಗಳಿಗೆ ಹಾಗೆಯೇ ನಿಂತುಬಿಟ್ಟ. ಅಷ್ಟರಲ್ಲಿ ಯಶೋದಮ್ಮ ಬದುವಿನ ಮೇಲಿದ್ದ ಕಬ್ಬಿಣದ ಪೈಪಿನ ತುಂಡನ್ನು ಎತ್ತಿ ಅದೇ ಭುಜದ ಮೇಲೆ ಬೀಸಿದಳು. ಬೆಂದ ಚರ್ಮ ಕಿತ್ತುಬಂತು. ಮಚ್ಚು ಕೈತಪ್ಪಿತು. ಅವನು ಮಂಡಿಯೂರಿ ಬಿದ್ದ ಮೇಲೂ ಅವಳು ಬಿಡಲಿಲ್ಲ; ಬೆನ್ನಿಗೆ, ಪಕ್ಕೆಗೆ, ಬಾಯಿಗೆ ಹೊಡೆದಳು. ಎರಡು ಹಲ್ಲು ನೆತ್ತರಿನ ಜೊತೆ ಹೊರಬಿದ್ದವು.

"ಬಾವ ಅಂತ ಕೂಳಿಕ್ದೆ ನಿಂಗೆ" ಎಂದಳು ಏದುಸಿರು ಬಿಡುತ್ತಾ. "ಇದೇ ಕೈಲಿ ಕೂಳಿಕ್ದೆ."

ಆಮೇಲೆ ಪೈಪು ಬಿಸಾಕಿ, ಸೆರಗು ಹರಿದು ಗಂಡನ ಕೈ ಕಟ್ಟತೊಡಗಿದಳು. ಕರಿಬಸವಯ್ಯ ಎಡಗೈ ಊರಿ ತೆವಳಿದ. ಎಲೆಗಳನ್ನು ಸರಿಸಿ ಸರಿಸಿ ಹುಡುಕಿದ. ಬೆರಳುಗಳು ಸಿಕ್ಕವು, ಇನ್ನೂ ಬೆಚ್ಚಗಿದ್ದವು. ಕೆಸರನ್ನು ಅಂಗಿಗೆ ಒರೆಸಿ ಅವಳ ಕಡೆ ಚಾಚಿದ. ಅವಳು ಅವನ ಮುಖ ನೋಡದೆ ಕಿತ್ತುಕೊಂಡು ಸೆರಗಿನ ತುಂಡಿನಲ್ಲಿ ಸುತ್ತಿದಳು. ಪಕ್ಕದ ಹೊಲದವರ ಆಟೋದಲ್ಲಿ ಗಂಡನನ್ನು ಮಲಗಿಸಿಕೊಂಡು ಹೋದಳು. ಕರಿಬಸವಯ್ಯ ಪೊಲೀಸರು ಬರುವ ತನಕ ಬದುವಿನ ಮೇಲೆಯೇ ಕೂತಿದ್ದ.

ಬೆರಳುಗಳು ಕೂಡಲಿಲ್ಲ. ಗುರುಮಲ್ಲಯ್ಯ ಬದುಕಿಕೊಂಡ.

ಜೈಲಿನಲ್ಲಿ ನೋಡಲು ಬಂದ ಮಲ್ಲಮ್ಮ ಸರಳಿನಾಚೆ ಚೀಲವನ್ನು ನೆಲಕ್ಕಿಟ್ಟಳು. ಭುಜ ಹೇಗಿದೆ ಎಂದು ಅವಳು ಕೇಳಲಿಲ್ಲ. ಅವನೇ ತಮ್ಮನ ವಿಷಯ ಕೇಳಿದ.

"ಉಣ್ತಾವ್ನೆ" ಅಂದಳು. "ಎಡಗೈಲಿ. ಮುದ್ದೆ ಮುರಿಯಕ್ಕೆ ಇನ್ನೂ ಬರಕಿಲ್ಲ, ಯಶೋದೆ ಮುರುದ್ ಕೊಡ್ತಳೆ."

ಕರಿಬಸವಯ್ಯ ಗೋಡೆಯ ಕಡೆ ತಿರುಗಿದ. ಮಲ್ಲಮ್ಮ ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟಳು.