ಬೆಲೆ ಏರಿಸಿದ ಮೀನು

ಮಿನೆಸೋಟಾದ ಉತ್ತರದಲ್ಲಿ ಕೆರೆ ಹೆಪ್ಪುಗಟ್ಟಿ, ಮೇಲೆ ಲಾರಿ ಓಡುವಷ್ಟು ಗಟ್ಟಿಯಾಯಿತೆಂದರೆ ವರ್ನಾ ಕಿಟಲ್ಸನ್ನಳ ಕಾರ್ ಶೆಡ್ಡಿಗೆ ಸುಗ್ಗಿ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಹೆಂಗಸು. ಮಂಜುಗಡ್ಡೆಗೆ ತೂತು ಕೊರೆದು ಇಳಿಬಿಟ್ಟರೆ ಕೆಳಗೆ ಮೀನು ಎಲ್ಲಿದೆಯೆಂದು ತೋರಿಸುವ ಯಂತ್ರಗಳಿವೆಯಲ್ಲ, ಅವುಗಳಲ್ಲಿ ಹಳೆಯವನ್ನು ಕೊಂಡು, ರಿಪೇರಿ ಮಾಡಿ ಮಾರುತ್ತಿದ್ದಳು. ಬೆಲೆ ಕಟ್ಟುವುದರಲ್ಲಿ ಅವಳದು ಎತ್ತಿದ ಕೈ. ಹೊಸದರ ಅರ್ಧಕ್ಕೆ ಶುರು. ಬ್ಯಾಟರಿ ಮೂರು ಚಳಿಗಾಲ ಕಂಡಿದ್ದರೆ ನಲವತ್ತು ಡಾಲರ್ ಇಳಿತ. ವೈರನ್ನು ಇಲಿ ಕಡಿದಿದ್ದರೆ ಇನ್ನಿಪ್ಪತ್ತು. ಇಷ್ಟೆಲ್ಲ ಬಲ್ಲವಳು ಹುಟ್ಟಿದಾಗಿನಿಂದ ಒಂದು ಮೀನನ್ನೂ ಹಿಡಿದವಳಲ್ಲ. ಚಳಿಯಲ್ಲಿ ಬಕೆಟ್ಟು ಬೋರಲು ಹಾಕಿ ಕೂರುವುದು ತಲೆ ಕೆಟ್ಟವರ ಕೆಲಸ ಎನ್ನುತ್ತಿದ್ದಳು.

ಜನವರಿಯ ಒಂದು ಶನಿವಾರ ಲೀರಾಯ್ ಆಹೋ ಎಂಬ ಬಡಗಿ ಬಂದ. ದುಂಡು ಪರದೆಯ ಯಂತ್ರವೊಂದು ಅವನ ಕಣ್ಣಿಗೆ ಬಿತ್ತು. ಅವಳು ಇನ್ನೂರಿಪ್ಪತ್ತು ಎಂದರೆ ಅವನು ನೂರೈವತ್ತಕ್ಕೆ ಜಗ್ಗಿದ. ಶೆಡ್ಡಿನಲ್ಲಿ ದೀಪ ಹತ್ತಿದ ಮಾತ್ರಕ್ಕೆ ನೀರೊಳಗೂ ಅದಕ್ಕೆ ಕಣ್ಣು ಕಾಣುತ್ತದೆಂದು ಯಾರು ಬಲ್ಲರು ಎಂದ. ವರ್ನಾಳಿಗೆ ರೇಗಿತು. ಯಂತ್ರವನ್ನು ಕಂಕುಳಲ್ಲಿ ಅವುಚಿಕೊಂಡು ಕೆರೆಗೆ ನಡೆದೇಬಿಟ್ಟಳು.

ಲೀರಾಯ್ ಬೆಳಗ್ಗೆಯೇ ಕೊರೆದಿದ್ದ ತೂತಿಗೆ ಯಂತ್ರದ ವೈರಿನ ತುದಿಯ ಗುಂಡು ಇಳಿಯಿತು. ಪರದೆಯಲ್ಲಿ ಕೆರೆಯ ತಳ ಕಂಡಿತು, ಅವನು ಜೊತೆಗೇ ಇಳಿಬಿಟ್ಟ ಗಾಳವೂ ಸಣ್ಣ ಹಸಿರು ಗೆರೆಯಾಗಿ ಕಂಡಿತು. ಹಿಡಿದು ನೋಡಿ ಎಂದು ಅವನು ಗಾಳದ ಕೋಲನ್ನು ಅವಳ ಕೈಗೇ ಕೊಟ್ಟ. ಅಷ್ಟರಲ್ಲಿ ತಳದಿಂದ ದಪ್ಪನೆಯ ಕೆಂಪು ಪಟ್ಟಿಯೊಂದು ಮೇಲೆದ್ದಿತು.

"ಅಕ್ಕಾ, ಅಲ್ಲಾಡ್ಬೇಡಿ," ಲೀರಾಯ್ ಪಿಸುಗುಟ್ಟಿದ. "ಯಜಮಾನ್ರು ಬಂದ್ರು."

"ನಾನೇನ್ ಮಾಡ್ಲೋ ಮಾರಾಯ?"

"ನಿಧಾನಕ್ಕೆ ಮೇಲೆತ್ತಿ. ಆಸೆ ಹುಟ್ಟಿಸ್ಬೇಕು. ಗಿರಾಕಿಗಳಿಗೆ ಮಾಡ್ತೀರಲ್ಲ, ಹಾಗೇ."

ಎತ್ತಿದಳು. ಕೆಂಪು ಹಿಂದೆಯೇ ಬಂತು. ಇನ್ನಷ್ಟು ಎತ್ತಿದಳು. ಎರಡು ಗೆರೆ ಒಂದಾದವು, ಕೋಲು ಬಿಲ್ಲಿನಂತೆ ಬಾಗಿತು. ವರ್ನಾ ಮಂಡಿಯೂರಿ ಬಿದ್ದು ಕಿಲಕಿಲ ನಗತೊಡಗಿದಳು. ನಿಲ್ಲಿಸಬೇಕೆಂದರೂ ನಗು ನಿಲ್ಲದು. ಲೀರಾಯ್ ಬೋರಲು ಮಲಗಿ ತೂತಿಗೆ ಬರಿಗೈ ಹಾಕಿ ಎಳೆದ. ಬಂದದ್ದು ತೋಳುದ್ದದ ವಾಲೈ ಮೀನು. ಅದನ್ನು ತಬ್ಬಿಕೊಂಡು ಅವಳು ಜಾರಿದಳು, ಹಿಡಿಯಲು ಹೋಗಿ ಅವನೂ ಜಾರಿದ. ಮೂರೂ ಜೀವ ಮಂಜಿನ ಮೇಲೆ ಹೊರಳಾಡಿದವು.

ಸುತ್ತ ಮಂಜಿನ ಮೇಲೆ ಡೇರೆ ಹಾಕಿ ಮೀನು ಹಿಡಿಯುತ್ತಿದ್ದವರು ಓಡಿಬಂದರು. ಒಬ್ಬ ಮುದುಕ ಮೀನನ್ನು ನೋಡಿ ಯಂತ್ರಕ್ಕೆ ಇನ್ನೂರೈವತ್ತು ಎಂದ. ಇನ್ನೊಬ್ಬ ಮುನ್ನೂರು ಎಂದ. ಲೀರಾಯ್‌ನ ಮುಖ ಸಣ್ಣದಾಯಿತು.

ರೆಪ್ಪೆಯ ಮೇಲೆ ಹೆಪ್ಪುಗಟ್ಟಿದ್ದ ಕಣ್ಣೀರನ್ನು ವರ್ನಾ ಒರೆಸಿಕೊಂಡಳು. "ಇದು ಮಾರಾಟಕ್ಕಿಲ್ಲ. ನಂಗೇ ಬೇಕು."

"ಇದ್ಯಾವ ನ್ಯಾಯ ಅಕ್ಕಾ? ತೂತು ನಂದು, ಗಾಳ ನಂದು."

ಅದೂ ಸರಿಯೇ ಎನಿಸಿತು ಅವಳಿಗೆ. ಶೆಡ್ಡಿನಲ್ಲಿ ಅಂಥದ್ದೇ ಇನ್ನೊಂದಿತ್ತು, ಬ್ಯಾಟರಿಯೂ ಒಂದೇ ಚಳಿಗಾಲದ್ದು. ಅವನು ಕೇಳಿದ ನೂರೈವತ್ತಕ್ಕೇ ಅದನ್ನು ಕೊಟ್ಟಳು. ಆದರೆ ಪ್ರತಿ ಶನಿವಾರ ಪಕ್ಕದಲ್ಲಿ ತನಗೊಂದು ತೂತು ಕೊರೆದುಕೊಡಬೇಕೆಂದು ಮಾತು ತೆಗೆದುಕೊಂಡಳು. ಉಳಿದವರಿಗೆ ಸಂಜೆಯೊಳಗೆ ನಾಲ್ಕು ಯಂತ್ರ ಮಾರಿದಳು, ಒಂದು ಡಾಲರೂ ಬಿಡಲಿಲ್ಲ.

ಮೀನು ಬೆಣ್ಣೆಯಲ್ಲಿ ಹುರಿಯುತ್ತಿರುವಾಗ ತಂಗಿ ಸೋಲ್ವೆಗ್‌ಗೆ ಮೂರು ಸಲ ಫೋನು ಹೋಯಿತು. ಪ್ರತಿ ಸಲವೂ ಮೀನು ಒಂದೊಂದು ಗೇಣು ಬೆಳೆಯಿತು. ಅಡುಗೆಮನೆಯಲ್ಲೇ ಕೂತಿದ್ದ ಲೀರಾಯ್ ಅಡ್ಡ ಮಾತಾಡಲಿಲ್ಲ. ಅವನ ಬಾಯ್ತುಂಬ ಮೀನಿತ್ತು.