ಖಾಲಿ ಕರಡಿಗೆ

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು ಎಂಬುದು ಹಿರಿಯರ ಮಾತು. ಶೈಲಜಮ್ಮ ಗಂಡನ ವಿಷಯದಲ್ಲಿ ಆ ಮಾತನ್ನು ಮದುವೆಯಾದಾಗಿನಿಂದ ಪಾಲಿಸಿಕೊಂಡು ಬಂದಿದ್ದಳು. ವರ್ಷಕ್ಕೆ ಎರಡು ತಿಂಗಳು ವಿಶ್ವಾರಾಧ್ಯ ಅಕ್ಕಿಪೇಟೆಯ ಮಂಡಿಯ ಬೀಗದ ಕೈಯನ್ನು ಅಣ್ಣನಿಗೆ ಕೊಟ್ಟು, ಸಮವಸ್ತ್ರ ತೊಟ್ಟು ಹೊರಡುತ್ತಿದ್ದ. ಪ್ರಾದೇಶಿಕ ಸೇನೆಯ ಪದ್ಧತಿಯೇ ಅದು. ಬಾಕಿ ದಿನ ಅವರವರ ಕಸುಬು, ಕರೆ ಬಂದಾಗ ಬಂದೂಕು. ಹಾಗೆ ಹೋಗಿ ಬಂದು, ಹೋಗಿ ಬಂದು, ಲೆಫ್ಟಿನೆಂಟಾಗಿ ಸೇರಿದವನು ಈಗ ಲೆಫ್ಟಿನೆಂಟ್ ಕರ್ನಲ್. ತನ್ನ ಪಟಾಲಮಿನಲ್ಲಿ ಎರಡನೆಯ ಹಿರಿಯ. ಅವನ ಕೈಕೆಳಗೆ ಆಟೋ ಓಡಿಸುವವರಿದ್ದರು, ಬ್ಯಾಂಕಿನಲ್ಲಿ ಕೂರುವವರಿದ್ದರು, ತೆಂಗಿನಕಾಯಿ ಮಾರುವವರಿದ್ದರು.

ಅಣ್ಣ ಶಂಭುಲಿಂಗಪ್ಪನಿಗೆ ಮಾತ್ರ ಅದೊಂದು ತಮಾಷೆ. ತಮ್ಮ ತರಬೇತಿ ಮುಗಿಸಿ ಮಂಡಿಗೆ ಮರಳಿದ ದಿನ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ.

"ಬಂದ್ನಪ್ಪಾ ಎರಡು ತಿಂಗಳ ಕರ್ನಲ್ಲು! ಏ ಮೂಟೆಗಳಾ, ಎದ್ದು ಸೆಲ್ಯೂಟ್ ಹೊಡೀರೋ!"

"ಹೊಡೀತವೆ ಬಿಡಣ್ಣ. ನಿನ್ ಮಾತಿಗಿಂತ ನನ್ ಮಾತು ಜಾಸ್ತಿ ಕೇಳ್ತವೆ," ಎಂದು ವಿಶ್ವಾರಾಧ್ಯ ನಗುತ್ತಿದ್ದ.

ಈ ಸಲ ಎರಡು ತಿಂಗಳೆಂದು ಯಾರೂ ಹೇಳಲಿಲ್ಲ. ಗಡಿಯಲ್ಲಿ ಗುಂಡು ಹಾರತೊಡಗಿತ್ತು. ಇಡೀ ಪಟಾಲಮಿಗೆ ಕರೆ ಬಂತು. ಎಲ್ಲಿಯವರೆಗೆ ಎಂಬುದು ಆ ಕರೆಯಲ್ಲಿರಲಿಲ್ಲ. ಶಂಭುಲಿಂಗಪ್ಪ ಬೀಗದ ಕೈ ಈಸಿಕೊಂಡು ಸುಮ್ಮನೆ ನಿಂತ. ಭಾವ ತಮಾಷೆ ಮಾಡಲಿಲ್ಲವಲ್ಲ ಎಂಬುದೇ ಶೈಲಜಮ್ಮನಿಗೆ ಮೊದಲ ಹೆದರಿಕೆ.

ಹೊರಡುವ ಬೆಳಿಗ್ಗೆ ವಿಶ್ವಾರಾಧ್ಯ ಅವಳಿಗಿಂತ ಮುಂಚೆ ಎದ್ದು, ಮಿಂದು, ಪೂಜೆ ಮುಗಿಸಿದ್ದ. ಅಂಗಿಯ ಗುಂಡಿ ಹಾಕುವಾಗ ಎದೆಯ ಮೇಲೆ ಶಿವದಾರದಲ್ಲಿ ತೂಗುವ ಬೆಳ್ಳಿಯ ಕರಡಿಗೆ ಅವಳ ಕಣ್ಣಿಗೆ ಬಿತ್ತು. ದೀಕ್ಷೆಯ ದಿನ ಗುರು ಕೊಟ್ಟ ಇಷ್ಟಲಿಂಗ ಇರುವುದು ಅದರೊಳಗೆ. ಬದುಕಿರುವಾಗ ಮೈಬಿಟ್ಟು ಅಗಲಬಾರದು. ಸತ್ತ ಮೇಲೆ ಎಡ ಅಂಗೈಯಲ್ಲಿಟ್ಟು, ದೇಹವನ್ನು ಕೂರಿಸಿ, ಅದರೊಡನೆಯೇ ಮಣ್ಣಿಗಿಡಬೇಕು. ಸೇನೆಗೆ ಸೇರಿದ ಹೊಸತರಲ್ಲಿ ಮೇಲಧಿಕಾರಿಯೊಬ್ಬ ಕರಡಿಗೆ ನೋಡಿ, "ಏನಯ್ಯಾ ಅದು, ಎಕ್ಸ್‌ಟ್ರಾ ಗುಂಡಾ?" ಎಂದಿದ್ದನಂತೆ. "ಹೌದು ಸರ್, ಕೊನೇವರೆಗೂ ಇಟ್ಕೊಳ್ಳೋದು," ಎಂದಿದ್ದನಂತೆ ವಿಶ್ವಾರಾಧ್ಯ.

"ಸ್ಟೇಷನ್ನಿಗೆ ಯಾರೂ ಬರಬೇಡಿ. ಬರ್ತೀನಿ, ಶೈಲಾ," ಎಂದು ಹೇಳಿ ಹೊರಟ. ಚಾಮರಾಜಪೇಟೆಯ ಆ ಬೀದಿಯ ತಿರುವಿನಲ್ಲಿ ಜೀಪು ಮರೆಯಾಯಿತು. ಮೊದಲು ಪಟಾಲಮಿಗೆ, ಅಲ್ಲಿಂದ ಮಧ್ಯಾಹ್ನದ ರೈಲಿಗೆ.

ಮನೆ ಒರೆಸಿ, ಸ್ನಾನ ಮಾಡಿ, ಶೈಲಜಮ್ಮ ತನ್ನ ಪೂಜೆಗೆ ಕುಳಿತಳು. ಕೊರಳಿನಿಂದ ತನ್ನ ಕರಡಿಗೆ ಬಿಚ್ಚಿ, ಗೋಡೆಯ ಮಾಡದಲ್ಲಿದ್ದ ವಿಭೂತಿಗಟ್ಟಿಗೆ ಕೈಚಾಚಿದಳು. ಗಟ್ಟಿಯ ಹಿಂದೆ ಬೆರಳಿಗೆ ಒದ್ದೆ ಬಟ್ಟೆ ತಾಗಿತು. ಎಳೆದು ನೋಡಿದರೆ ಕೆಂಪಂಚಿನ ಸಣ್ಣ ಬಟ್ಟೆ, ಗಂಡನ ಲಿಂಗವಸ್ತ್ರ. ಬಿಚ್ಚಿದಳು. ಮೇಲೆ ಒಂದೇ ಒಂದು ಬಿಲ್ವಪತ್ರೆ. ಅದರ ಕೆಳಗೆ ಇಷ್ಟಲಿಂಗದ ಕರಿಯ ಮೈ, ಬೆಳಗಿನ ಅಭಿಷೇಕದ ನೀರು ಆರದೆ ಹೊಳೆಯುತ್ತಿತ್ತು.

ಮರೆತು ಬಿಟ್ಟಿದ್ದರೆ ಕರಡಿಗೆಯೂ ಇಲ್ಲೇ ಇರುತ್ತಿತ್ತು. ಕರಡಿಗೆ ಹೋಗಿದೆ, ಲಿಂಗ ಉಳಿದಿದೆ. ಅವಳು ನೋಡಲೆಂದೇ ಖಾಲಿ ಕರಡಿಗೆಯನ್ನು ಕೊರಳಿಗೆ ಹಾಕಿಕೊಂಡು ಹೋಗಿದ್ದ.

ಯಾಕೆಂದು ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿಂದೊಮ್ಮೆ ನೆರೆ ಬಂದಾಗ ಪಟಾಲಮನ್ನು ಜನರನ್ನು ಕಾಪಾಡಲು ಕಳಿಸಿದ್ದರು. ದೋಣಿ ಮಗುಚಿ ಅನಿಲ್ ಕುಮಾರ್ ಎಂಬ ಸಿಪಾಯಿ ಕೊಚ್ಚಿಹೋದ. ಹೆಣ ಸಿಗಲಿಲ್ಲ. ತ್ಯಾಗರಾಜನಗರದಲ್ಲಿದ್ದ ಅವನ ತಾಯಿ ಚಿಕ್ಕಮುನಿಯಮ್ಮನ ಮನೆಗೆ ಗಂಡ ಹೆಂಡತಿ ಇಬ್ಬರೂ ಹೋಗಿದ್ದರು. ವಿಶ್ವಾರಾಧ್ಯನ ಕೈಯಲ್ಲಿ ಹುಡುಗನ ಟೋಪಿಯಿತ್ತು. ಮುದುಕಿ ಅಳಲಿಲ್ಲ. ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು.

"ನಮ್ಮಲ್ಲಿ ಹೂಳ್ತೀವಿ ಸ್ವಾಮಿ. ನಾನೇನನ್ನ ಹೂಳ್ಲಿ?"

ಆಮೇಲೆ ಅವಳು ಟೋಪಿಯನ್ನೇ ಹೂಳಿದಳೆಂದು ತಿಳಿಯಿತು. ಅಂದು ಮನೆಗೆ ಮರಳುವಾಗ ವಿಶ್ವಾರಾಧ್ಯ, "ಮನೇಲಿರೋರಿಗೆ ಏನಾದ್ರೂ ಒಂದು ಉಳೀಬೇಕು ಕಣೆ," ಎಂದಷ್ಟೇ ಹೇಳಿದ್ದ.

ಶೈಲಜಮ್ಮ ತನ್ನ ಕರಡಿಗೆಯನ್ನು ಮತ್ತೆ ಕೊರಳಿಗೆ ಹಾಕಿಕೊಂಡು, ಗಂಡನ ಲಿಂಗವನ್ನು ಹಾಗೇ ವಸ್ತ್ರದಲ್ಲಿ ಸುತ್ತಿ, ಸೆರಗನ್ನು ಕೈಗೆ ಹೊದೆಸಿ ಹಿಡಿದಳು. ಒಬ್ಬರ ಇಷ್ಟಲಿಂಗವನ್ನು ಇನ್ನೊಬ್ಬರು ಬರಿಗೈಯಲ್ಲಿ ಮುಟ್ಟುವುದನ್ನು ಅವಳ ತವರಿನಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ಫೋನ್ ಮಾಡಿದರೆ ಗಂಡನದು ಆಫಾಗಿತ್ತು. ಭಾವನಿಗೆ ಮಾಡಿದಳು. ಶಂಭುಲಿಂಗಪ್ಪ ಮಂಡಿಯಿಂದ ಆಟೋ ಹಿಡಿದು ಬಂದ, ಮೀಸೆಯ ಮೇಲೆ ಅಕ್ಕಿ ಧೂಳು.

"ಮರೆತಿದಾನೆ ಕಣಮ್ಮ, ಅವಸರದಲ್ಲಿ. ಬೇಕಾದ್ರೆ ಕೊರಿಯರ್..." ಎಂದವನು ತನ್ನ ನಾಲಿಗೆಯನ್ನು ತಾನೇ ಕಚ್ಚಿಕೊಂಡ. "ಶಿವಶಿವಾ, ಏನಂತ ಮಾತಾಡ್ತಿದೀನಿ."

"ಮರೆತಿಲ್ಲ ಭಾವ. ಕರಡಿಗೆ ಹಾಕ್ಕೊಂಡ್ ಹೋಗಿದಾರೆ. ಖಾಲೀದು."

ಶಂಭುಲಿಂಗಪ್ಪ ಅವಳ ಮುಚ್ಚಿದ ಕೈಯನ್ನೇ ನೋಡಿದ. "ಆಟೋ ಹತ್ತು ತಾಯಿ," ಎಂದ.

ಸಿರ್ಸಿ ಸರ್ಕಲ್ಲಿನಲ್ಲಿ ಬಸ್ಸುಗಳ ನಡುವೆ ಆಟೋ ಸಿಕ್ಕಿಕೊಂಡಿತು. ಹಾರ್ನುಗಳ ಗದ್ದಲದಲ್ಲಿ ಶೈಲಜಮ್ಮನ ಅಂಗೈ ಬೆವರಿತು. ಅಲ್ಲಿಯವರೆಗೆ ಬರದಿದ್ದ ಯೋಚನೆಯೊಂದು ಆಗ ಬಂತು. ಕೊಡದೇ ಹೋದರೆ? ತಡವಾಯಿತು, ರೈಲು ಹೋಯಿತು ಎಂದು ತಿರುಗಿ ಹೋದರೆ? ನಾಳೆ ಏನೇ ಸುದ್ದಿ ಬರಲಿ, ಅವನು ಅಂಗೈಯಲ್ಲಿಟ್ಟು ದಿನಾ ಕಣ್ತುಂಬ ನೋಡಿದ್ದು ತನ್ನ ಬಳಿ ಇರುತ್ತದೆ. ಕೊಟ್ಟರೆ ತನಗೆ ಚಿಕ್ಕಮುನಿಯಮ್ಮನ ಟೋಪಿಯಷ್ಟೂ ಉಳಿಯುವುದಿಲ್ಲ. ಗಂಡ ಅವಳಿಗಾಗಿಯೇ ಅಲ್ಲವೇ ಬಿಟ್ಟುಹೋದದ್ದು?

"ಭಾವ," ಎಂದಳು. "ತಡ ಆಗಿದ್ರೆ?"

"ಆಗಿಲ್ಲ. ಏ ತಮ್ಮಾ, ಗೂಡ್ಸ್ ಶೆಡ್ ರೋಡಲ್ಲಿ ನುಗ್ಸು, ನಂಗೊತ್ತು ದಾರಿ!" ಎಂದು ಶಂಭುಲಿಂಗಪ್ಪ ಡ್ರೈವರನ ಭುಜ ತಟ್ಟಿದ. ಆಮೇಲೆ ಮೆಲ್ಲಗೆ, ಅವಳ ಕಡೆ ನೋಡದೆ ಹೇಳಿದ. "ಲಿಂಗ ಬಿಟ್ಟು ಹೊರಟೋನು ಆಗಲೇ ಅರ್ಧ ಸತ್ತಂಗೆ ಕಣಮ್ಮ. ಅವನ ಹಿಂದೆ ಎಷ್ಟು ಜನ ಹುಡುಗ್ರು ಹೋಗ್ತಿದಾರೆ."

ಅವಳು ಕೈಯನ್ನು ಎದೆಗೊತ್ತಿಕೊಂಡಳು. ಒಳಗೆ ಅವಳದೇ ಕರಡಿಗೆ ಅದಕ್ಕೆ ತಾಗಿತು.

ಪ್ಲಾಟ್‌ಫಾರ್ಮಿನ ತುದಿಯಲ್ಲಿ ಸಿಪಾಯಿಗಳ ಬೋಗಿಗಳಿದ್ದವು. ಟ್ರಂಕುಗಳು, ಹಾಸಿಗೆ ಸುರುಳಿಗಳು, ಎಳೆಯ ಮುಖಗಳು. ಒಬ್ಬ ಚಕ್ಕುಲಿ ಹಂಚುತ್ತಿದ್ದ, ಯಾರೂ ತಿನ್ನುತ್ತಿರಲಿಲ್ಲ. ಅವರ ನಡುವೆ ವಿಶ್ವಾರಾಧ್ಯ ಬೆನ್ನು ನೆಟ್ಟಗೆ ಮಾಡಿ ನಿಂತು, ಗಟ್ಟಿ ದನಿಯಲ್ಲಿ ಏನೋ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ. ಹೆಂಡತಿಯನ್ನು ಕಂಡ. ಸೆರಗಿನಲ್ಲಿ ಸುತ್ತಿದ ಅವಳ ಕೈಯನ್ನು ಕಂಡ. ನಗು ಅಲ್ಲೇ ನಿಂತಿತು.

ಗುಂಪಿನಿಂದ ಈಚೆ ಬಂದು ಪಿಸುಗುಟ್ಟಿದ. "ಯಾಕೆ ಬಂದೆ ನೀನು? ಹುಡುಗ್ರು ನೋಡ್ತಿದಾರೆ."

"ನೋಡ್ಲಿ. ಕರಡಿಗೆ ತೆಗೀರಿ."

"ಶೈಲಾ, ಬೇಡ. ನಿಂಗೆ ಗೊತ್ತಲ್ಲ ಯಾಕೆ ಅಂತ. ಆ ಮುದುಕಿ ಮುಂದೆ ನಾನು ಟೋಪಿ ಹಿಡ್ಕೊಂಡು ನಿಂತಿದ್ದೆ. ನಿನ್ ಮುಂದೆ ಯಾರೋ ಹಾಗೆ ಬಂದು ನಿಲ್ಲೋದು ಬೇಡ. ಇದಾದ್ರೂ ಇರ್ಲಿ. ಇದನ್ನಿಟ್ಟು ಸಮಾಧಿ ಮಾಡ್ಬೋದು."

"ನೀವು ಹೆದರಿದೀರಾ?"

ಅವನು ಹಿಂದೆ ನಿಂತ ಹುಡುಗರ ಕಡೆ ಒಮ್ಮೆ ನೋಡಿದ. "ತುಂಬಾ," ಎಂದ. "ಇಷ್ಟು ವರ್ಷದಲ್ಲಿ ಯಾವತ್ತೂ ಇಷ್ಟಿರ್ಲಿಲ್ಲ."

"ನಂಗೂ ಹೆದ್ರಿಕೆ. ದಾರೀಲಿ ಇದನ್ನ ಬಚ್ಚಿಟ್ಕೊಂಡು ಓಡಿಹೋಗೋಣ ಅನ್ನಿಸ್ತು. ಆದ್ರೆ ರೀ, ಸಮಾಧಿಗೆ ಅಂತ ಎತ್ತಿಟ್ಟಿದ್ದನ್ನ ನಾನು ದಿನಾ ಹೆಂಗೆ ನೋಡ್ಲಿ? ನೀವು ಬದುಕಿರೋವಾಗ್ಲೇ ನಾನು ಮಣ್ಣು ಹಾಕ್ತಾ ಕೂತ್ಕೊಳ್ಲಾ?" ಸೆರಗು ಹೊದೆಸಿದ ಕೈಯನ್ನು ಅವನ ಮುಂದೆ ಚಾಚಿದಳು. "ಬಂದ್ರೆ ನೀವು, ಲಿಂಗ, ಎರಡೂ ಬರ್ಲಿ. ಇಲ್ಲಾಂದ್ರೆ ನಂಗೇನೂ ಬೇಡ."

ವಿಶ್ವಾರಾಧ್ಯ ಅಂಗಿಯ ಗುಂಡಿ ಬಿಚ್ಚಿ ಕರಡಿಗೆ ತೆರೆದ. ಒಳಗೆ ಚಿಟಿಕೆ ವಿಭೂತಿಯ ಹೊರತು ಏನೂ ಇರಲಿಲ್ಲ.

ಸುಬೇದಾರ ರಾಮಸ್ವಾಮಿ ದೂರದಿಂದಲೇ ಎಲ್ಲ ನೋಡುತ್ತಿದ್ದ. ಏನು ಅರ್ಥವಾಯಿತೋ, ಹುಡುಗರ ಕಡೆ ತಿರುಗಿ ಗುಡುಗಿದ. "ಏನ್ರೋ ಸಿನಿಮಾನಾ ಇಲ್ಲಿ? ಎಲ್ರೂ ಆ ಕಡೆ ತಿರುಗಿ!" ಸಾಲಿಗೆ ಸಾಲೇ ಬೆನ್ನು ಮಾಡಿ ನಿಂತಿತು. ರಾಮಸ್ವಾಮಿ ತಾನೂ ಮುಖ ತಿರುಗಿಸಿಕೊಂಡೇ ನೀರಿನ ಬಾಟಲಿಯೊಂದನ್ನು ಹಿಂದಕ್ಕೆ ಚಾಚಿದ. ಶಂಭುಲಿಂಗಪ್ಪ ಅದನ್ನು ಈಸಿಕೊಂಡ.

ರೈಲಿನ ನೆರಳಿನಲ್ಲಿ ನಿಂತು ವಿಶ್ವಾರಾಧ್ಯ ಎಡ ಅಂಗೈ ಚಾಚಿದ. ಶೈಲಜಮ್ಮ ವಸ್ತ್ರ ಬಿಚ್ಚಿ ಲಿಂಗವನ್ನು ಅದರೊಳಗೆ ಇಳಿಸಿದಳು. ಅಣ್ಣ ನೀರೆರೆದ. ಆಗ ಆ ಕೈ ನಡುಗಿತು. ಬಂದೂಕು ಹಿಡಿದ ಕೈ, ಮೂಟೆ ಎತ್ತಿದ ಕೈ, ಗಾಳಿಗೆ ಸಿಕ್ಕ ಎಲೆಯಂತೆ ನಡುಗಿತು. ನೀರು ಬೆರಳ ಸಂದಿಯಿಂದ ಸುರಿಯಿತು, ಲಿಂಗ ಅಂಗೈಯ ಅಂಚಿಗೆ ಸರಿಯಿತು. ಬಿದ್ದೇ ಹೋಯಿತು ಎನ್ನುವಾಗ ಶೈಲಜಮ್ಮ ತನ್ನ ಅಂಗೈಯನ್ನು ಅವನ ಅಂಗೈಯ ಕೆಳಗೆ ಆನಿಸಿ ಹಿಡಿದಳು. ಎರಡು ಕೈ ಸೇರಿದ ಮೇಲೆ ನಡುಕ ನಿಲ್ಲಲಿಲ್ಲ, ಆದರೆ ಲಿಂಗ ಬೀಳಲಿಲ್ಲ. ಅವನು ಎವೆಯಿಕ್ಕದೆ ಲಿಂಗವನ್ನೇ ನೋಡಿದ.

ಕರಡಿಗೆ ಮುಚ್ಚಿದ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿತು.

"ಎರಡು ತಿಂಗಳಲ್ಲಿ ಬಂದ್ಬಿಡೋ ಕರ್ನಲ್ಲು," ಎಂದ ಶಂಭುಲಿಂಗಪ್ಪ. ತಮಾಷೆ ಮಾಡಲು ಹೋಗಿ ಕಣ್ಣೊರೆಸಿಕೊಂಡ. "ಮೂಟೆಗಳು ನನ್ ಮಾತು ಕೇಳಲ್ಲ."

ರೈಲು ಹೊರಟಿತು.

ಮನೆಗೆ ಬಂದು ಶೈಲಜಮ್ಮ ಬೆಳಿಗ್ಗೆ ಅರ್ಧಕ್ಕೆ ನಿಂತ ಪೂಜೆಗೆ ಕುಳಿತಳು. ಮಾಡದೊಳಗೆ ವಿಭೂತಿಗಟ್ಟಿಯ ಹಿಂದೆ, ಬಟ್ಟೆ ಇದ್ದ ಜಾಗದಲ್ಲಿ, ಒದ್ದೆಯ ಗುರುತು ಇನ್ನೂ ಇತ್ತು. ಅವಳು ನೋಡುತ್ತಿದ್ದಂತೆ ಅದು ಸುತ್ತಲಿಂದ ಸಣ್ಣದಾಗುತ್ತಾ, ಸಣ್ಣದಾಗುತ್ತಾ, ಆರಿಹೋಯಿತು. ಇನ್ನು ಈ ಮನೆಯಲ್ಲಿ ಮಣ್ಣಿಗಿಡಲು ಏನೂ ಇಲ್ಲ.

ಹೊರಗೆ ಜಗಲಿಯ ಮೇಲೆ ಭಾವ ಇನ್ನೂ ಕೂತಿದ್ದ, ಮಂಡಿಗೆ ಹೋಗಿರಲಿಲ್ಲ. ಎಲ್ಲಿಯೋ ಫೋನು ಬಡಿದುಕೊಂಡಿತು. ಇಬ್ಬರೂ ಬೆಚ್ಚಿದರು. ಪಕ್ಕದ ಮನೆಯದು.

ಶೈಲಜಮ್ಮ ತನ್ನ ಇಷ್ಟಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡಳು. ಅಂಗೈ ನಡುಗಿತು. ಕೆಳಗೆ ಆನಿಸಲು ಇನ್ನೊಬ್ಬರ ಕೈ ಇರಲಿಲ್ಲ. ತನ್ನ ಬಲಗೈಯನ್ನೇ ಅದರ ಕೆಳಗಿಟ್ಟುಕೊಂಡು ಕುಳಿತಳು.